ಆರಿಂಚಿನ ಹ್ಯಾಂಡಲ್ ಅಂದ್ರೆ ನಿಜವಾಗ್ಲೂ ಎಷ್ಟು ಉದ್ದ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ಮೊದಲು ಒಂದು ಸದ್ದು ಕೇಳಿಸ್ತೀನಿ.

[ಮೇಜಿನ ಮೇಲೆ ಲೋಹದ ವಸ್ತು ಇಟ್ಟ ಸದ್ದು, ಎರಡು ಸಲ]

ಮೊದಲನೇದು ಹಿತ್ತಾಳೆ ಹ್ಯಾಂಡಲ್. ಎರಡನೇದು ಅದೇ ಬಣ್ಣ, ಅದೇ ಆಕಾರ, ಆದ್ರೆ ಅಲ್ಯೂಮಿನಿಯಂದು. ಫೋಟೋದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲ್ಲ. ಕೈಯಲ್ಲಿ ಹಿಡಿದ್ರೆ ಕಣ್ಣು ಮುಚ್ಕೊಂಡು ಹೇಳಬಹುದು. ಮನೇಲಿ ಕಾರ್ಪೆಂಟರ್ ಕೈಲಿ ವಾರ್ಡ್‌ರೋಬ್, ಕಿಚನ್ ಕ್ಯಾಬಿನೆಟ್, ಟಿವಿ ಯೂನಿಟ್ ಮಾಡಿಸ್ತೀವಲ್ಲ, ಅದರ ಮೈಮೇಲೆ ಬರೋ ಹ್ಯಾಂಡಲ್ಲು, ನಾಬು ಇವತ್ತಿನ ವಿಷಯ.

ಇಷ್ಟು ಚಿಕ್ಕ ಸಾಮಾನಿಗೆ ಒಂದು ಎಪಿಸೋಡ್ ಯಾಕೆ ಅಂದ್ರೆ, ನಾನು ಇದರಲ್ಲಿ ಒಂದಲ್ಲ ಎರಡು ಸಲ ದುಡ್ಡು ಕಳ್ಕೊಂಡಿದ್ದೀನಿ. ಬಿ.ಕಾಂ. ಓದಿರೋನು ನಾನು, ಲೆಕ್ಕ ಬರುತ್ತೆ ಅಂತ ಜಂಭ ಬೇರೆ.

ಕಾರ್ಪೆಂಟರ್ ಕೊಡೋ ಕೊಟೇಶನ್ ನೋಡಿದ್ದೀರಾ? ಚದರಡಿಗೆ ಇಷ್ಟು ಅಂತ ಇರುತ್ತೆ. ಪ್ಲೈವುಡ್ ಯಾವುದು, ಲ್ಯಾಮಿನೇಟ್ ಯಾವುದು ಅಂತ ಬರೆದಿರುತ್ತೆ. ಕೊನೇಲಿ ಒಂದು ಸಾಲು: ಹ್ಯಾಂಡಲ್ ಪಾರ್ಟಿಯವರದ್ದು. ಅಂದ್ರೆ ಅದನ್ನ ನಾವೇ ತಂದುಕೊಡಬೇಕು. ನಾವು ಆ ಸಾಲನ್ನ ಓದಿ ಮರೆತುಬಿಡ್ತೀವಿ. ಎಲ್ಲಾ ಕೆಲಸ ಮುಗಿದು ಆಚಾರ್ರು ಫೋನ್ ಮಾಡಿ, 'ನಾಳೆ ಹ್ಯಾಂಡಲ್ ಹಾಕ್ಬೇಕು, ಎಲ್ಲಿ?' ಅಂದಾಗ ಓಡ್ತೀವಿ.

ನಮ್ಮನೇಲೂ ಅದೇ ಆಯ್ತು. ತುಮಕೂರಿನಲ್ಲಿ ಅಪ್ಪ ಅಮ್ಮನ ಮನೆಗೆ ವಾರ್ಡ್‌ರೋಬ್ ಮಾಡಿಸ್ತಿದ್ವಿ. ನಾನು ಬೆಂಗಳೂರಲ್ಲಿ. ಆನ್‌ಲೈನ್‌ನಲ್ಲಿ ಆರಿಂಚಿನ ಹ್ಯಾಂಡಲ್ ಹನ್ನೆರಡು ಆರ್ಡರ್ ಮಾಡಿ, ಆಚಾರ್ರಿಗೆ ಫೋನಲ್ಲಿ ಹೇಳ್ದೆ: 'ಆರಿಂಚಿಂದು ಬರ್ತಿದೆ, ನೀವು ತೂತು ಹೊಡೆದಿಟ್ಟಿರಿ. ಭಾನುವಾರ ನಾನು ಬಂದಾಗ ಹಾಕಿಬಿಡೋಣ.' ಅವರು ಹನ್ನೆರಡು ಶಟರ್‌ಗೆ ಇಪ್ಪತ್ನಾಲ್ಕು ತೂತು ಹೊಡೆದ್ರು. ಒಂದೊಂದೂ ನೂಲು ಹಿಡಿದ ಹಾಗೆ ನೇರ. ಭಾನುವಾರ ನಾನು ಡಬ್ಬ ಬಿಚ್ಚಿ ಮೊದಲನೇ ಹ್ಯಾಂಡಲ್ ಇಟ್ಟು ನೋಡಿದ್ರೆ ಒಂದು ತೂತಿಗೆ ಕೂರುತ್ತೆ, ಇನ್ನೊಂದಕ್ಕೆ ಮೂರು ಸೆಂಟಿಮೀಟರ್ ದೂರ.

ಆಚಾರ್ರು ಒಂದೇ ಮಾತು ಅಂದ್ರು: 'ನೀವೇ ಹೇಳಿದ್ರಲ್ಲ, ಆರಿಂಚು ಅಂತ.'

ಇಬ್ಬರೂ ಸುಳ್ಳು ಹೇಳಿರಲಿಲ್ಲ. ಇಲ್ಲೇ ಇರೋದು ಈ ವ್ಯಾಪಾರದ ಗುಟ್ಟು.

ಹ್ಯಾಂಡಲ್‌ಗೆ ಎರಡು ಅಳತೆ ಇರುತ್ತೆ. ಒಂದು, ಈ ತುದಿಯಿಂದ ಆ ತುದಿಗೆ ಪೂರ್ತಿ ಉದ್ದ. ಇನ್ನೊಂದು, ಸ್ಕ್ರೂ ಕೂರೋ ಒಂದು ತೂತಿನ ಮಧ್ಯದಿಂದ ಇನ್ನೊಂದು ತೂತಿನ ಮಧ್ಯಕ್ಕೆ ಇರೋ ದೂರ. ಇದಕ್ಕೆ ಸೆಂಟರ್ ಟು ಸೆಂಟರ್ ಅಂತಾರೆ, ಪ್ಯಾಕೆಟ್ ಮೇಲೆ ಸಿ-ಸಿ ಅಂತಿರುತ್ತೆ. ಬಡಗಿಗೆ ಬೇಕಾಗಿರೋದು ಎರಡನೇದು ಮಾತ್ರ. ಅಂಗಡಿಯವರು, ಆನ್‌ಲೈನ್‌ನವರು ದೊಡ್ಡದಾಗಿ ಬರೆಯೋದು ಎಷ್ಟೋ ಸಲ ಮೊದಲನೇದನ್ನ.

ಈಗ ಮಜಾ ನೋಡಿ. ಈ ಸಿ-ಸಿ ಅಳತೆ ಹೆಚ್ಚಾಗಿ 32 ಎಂಎಂನ ಮಗ್ಗಿಯಲ್ಲಿ ಬರುತ್ತೆ: 64, 96, 128, 160, 192, 224, 256, 320. ಯುರೋಪಿನ ಕ್ಯಾಬಿನೆಟ್ ಕಾರ್ಖಾನೆಗಳು ತೂತು ಹೊಡೆಯೋ ಮಷೀನಿಗೆ ಹೊಂದೋ ಹಾಗೆ 32 ಎಂಎಂ ಅಂತರ ಇಟ್ಕೊಂಡ್ವು. ಅದೇ ಪದ್ಧತಿ ಇಲ್ಲಿಗೂ ಬಂತು. ಆದ್ರೆ ನಮ್ಮ ಬಾಯಲ್ಲಿ ಇನ್ನೂ ಇಂಚೇ. ಹಾಗಾಗಿ 96 ಎಂಎಂನದ್ದು ಅಂಗಡಿಯಲ್ಲಿ 'ನಾಲ್ಕಿಂಚು' ಆಗಿಬಿಡುತ್ತೆ. ಲೆಕ್ಕ ಹಾಕಿದ್ರೆ ನಾಲ್ಕಿಂಚು ಅಂದ್ರೆ ಸುಮಾರು 102 ಎಂಎಂ! 160 ಎಂಎಂನದ್ದು 'ಆರಿಂಚು', ನಿಜವಾದ ಆರಿಂಚು 152. ನಮ್ಮ ಆಚಾರ್ರು 'ಆರಿಂಚು' ಅಂತ ಕೇಳಿದ ಕೂಡ್ಲೇ ಅವರ ರೂಢಿಯ ಪ್ರಕಾರ 160ಕ್ಕೆ ತೂತು ಹೊಡೆದಿದ್ರು. ನಾನು ಕೊಂಡಿದ್ದು ಪೂರ್ತಿ ಉದ್ದ 152 ಇರೋದು, ಅದರ ಸಿ-ಸಿ 128. ವ್ಯತ್ಯಾಸ ಸರಿಯಾಗಿ 32 ಎಂಎಂ.

ಅಳೆಯೋದು ಹೇಗೆ? ತೂತಿನ ಮಧ್ಯಕ್ಕೆ ಟೇಪ್ ಹಿಡಿಯೋದು ಕಷ್ಟ, ಕಣ್ಣು ಮೋಸ ಮಾಡುತ್ತೆ. ಬಡಗಿಗಳು ಮಾಡೋದು ಹೀಗೆ: ಒಂದು ತೂತಿನ ಎಡ ಅಂಚಿನಿಂದ ಇನ್ನೊಂದು ತೂತಿನ ಎಡ ಅಂಚಿಗೆ ಅಳೀರಿ. ಎರಡೂ ತೂತು ಒಂದೇ ಗಾತ್ರ ಆಗಿರೋದ್ರಿಂದ ಉತ್ತರ ಅದೇ ಬರುತ್ತೆ. ಮನೇಲಿ ಹಳೇ ಹ್ಯಾಂಡಲ್ ಬದಲಾಯಿಸ್ತಿದ್ರೂ ಹೀಗೇ ಅಳೆದು, ಮೊಬೈಲಲ್ಲಿ ಎಂಎಂನಲ್ಲಿ ಬರೆದಿಟ್ಕೊಂಡು ಅಂಗಡಿಗೆ ಹೋಗಿ. ಇಂಚು ಅನ್ನೋ ಪದಾನೇ ಬಾಯಿಗೆ ತರಬೇಡಿ.

ತೂತು ತಪ್ಪಾಗಿದ್ರೆ? ಗೋಡೆ ಆಗಿದ್ರೆ ಪುಟ್ಟಿ ಹಾಕಿ ಬಣ್ಣ ಬಳೀಬಹುದು. ಲ್ಯಾಮಿನೇಟ್ ಮೇಲೆ ಹಾಗಾಗಲ್ಲ. ಅದೇ ಬಣ್ಣದ ಮೇಣ ತುಂಬಿದ್ರೂ ಬೆಳಕು ಬಿದ್ದಾಗ ಚುಕ್ಕಿ ಕಾಣುತ್ತೆ. ಹ್ಯಾಂಡಲ್ ಚಿಕ್ಕದಾದ್ರೆ ಹಳೇ ತೂತು ಹೊರಗೆ ಉಳಿದು ಎದ್ದು ಕಾಣುತ್ತೆ. ದೊಡ್ಡದು ಹಾಕಿದ್ರೆ ಹಳೇ ತೂತು ಹ್ಯಾಂಡಲ್‌ನ ನೆರಳಿಗೆ ಹೋಗುತ್ತೆ, ಅಷ್ಟಾಗಿ ಗೊತ್ತಾಗಲ್ಲ. ಹಿಂದೆ ಪಟ್ಟಿ ಇರೋ ಹ್ಯಾಂಡಲ್, ಅಂದ್ರೆ ಬ್ಯಾಕ್‌ಪ್ಲೇಟ್ ಇರೋದು ಸಿಕ್ರೆ ಪೂರ್ತಿ ಮುಚ್ಚಿಹೋಗುತ್ತೆ. ಆದ್ರೆ ಎಲ್ಲಕ್ಕಿಂತ ಸುಲಭ ದಾರಿ, ತೂತಿಗೆ ಸರಿಹೋಗೋ ಹ್ಯಾಂಡಲ್ಲನ್ನೇ ಕೊಳ್ಳೋದು. ನಾನು ಕೊನೆಗೆ ಮಾಡಿದ್ದೂ ಅದೇ. ತುಮಕೂರಿನ ಅಂಗಡಿಯಲ್ಲೇ 160ರ ಹ್ಯಾಂಡಲ್ ಹನ್ನೆರಡು ತಂದೆ. ಆನ್‌ಲೈನ್‌ನ ಹನ್ನೆರಡು ವಾಪಸ್ ಕಳಿಸೋ ಗಡುವು ಮುಗಿದಿತ್ತು. ಅವು ಡಬ್ಬದಲ್ಲೇ ಉಳಿದ್ವು. ಅವುಗಳ ಕಥೆ ಆಮೇಲೆ ಹೇಳ್ತೀನಿ.

ಸ್ಕ್ರೂ ಬಗ್ಗೆ ಎರಡು ಮಾತು. ಹ್ಯಾಂಡಲ್ ಜೊತೆ ಬರೋದು ಸಾಮಾನ್ಯವಾಗಿ ಎಂ4 ದಪ್ಪದ ಸ್ಕ್ರೂ, 25 ಎಂಎಂ ಆಸುಪಾಸಿನ ಉದ್ದ. ಬಾಗಿಲಿನ ಪ್ಲೈವುಡ್ 18 ಎಂಎಂ, ಹೊರಗೆ ಒಳಗೆ ಲ್ಯಾಮಿನೇಟ್ ಸೇರಿ ಸುಮಾರು 20. ಹಾಗಾಗಿ ಬಾಗಿಲಿಗೆ ಸರಿ. ಡ್ರಾಯರ್‌ಗೆ ಸಾಲಲ್ಲ. ಯಾಕಂದ್ರೆ ಡ್ರಾಯರ್ ಪೆಟ್ಟಿಗೆಗೆ ಒಂದು ಹಲಗೆ, ಅದರ ಮುಂದೆ ಅಂದಕ್ಕೆ ಇನ್ನೊಂದು ಹಲಗೆ ಕೂರಿಸಿರ್ತಾರೆ, ಎರಡೂ ಸೇರಿ 30ರಿಂದ 38 ಎಂಎಂ ಆಗುತ್ತೆ. ಅದಕ್ಕೆ 35, 40, 45ರ ಸ್ಕ್ರೂ ಬೇರೆ ಕೊಳ್ಳಬೇಕು. ತೀರಾ ಉದ್ದವಾದ್ರೂ ತೊಂದರೆ, ಸ್ಕ್ರೂ ಒಳಗೆ ಪೂರ್ತಿ ಕೂತಿರುತ್ತೆ ಆದ್ರೆ ಹ್ಯಾಂಡಲ್ ಲೊಡಲೊಡ ಅನ್ನುತ್ತೆ. ಸ್ಕ್ರೂ ಏನೂ ದುಬಾರಿ ಅಲ್ಲ. ಆದ್ರೆ ಭಾನುವಾರ ಸಂಜೆ ಅದೊಂದು ಸಿಗದೆ ಆಚಾರ್ರು ಕೆಲಸ ನಿಲ್ಲಿಸಿ ಹೊರಟ್ರೆ, ಮತ್ತೆ ಅವರು ಯಾವತ್ತು ಸಿಗ್ತಾರೋ!

ಅಳತೆ ಕಥೆ ಆಯ್ತು. ಈಗ ನನ್ನ ಮೊದಲನೇ ತಪ್ಪಿಗೆ ಬರ್ತೀನಿ. ಇದು ವಾರ್ಡ್‌ರೋಬಿಗಿಂತ ಮುಂಚಿನದು, ಅಡುಗೆಮನೇದು. ಇದರಲ್ಲಿ ಅಳತೆ ಎಲ್ಲಾ ಸರಿಯಾಗೇ ಇತ್ತು.

ಜೈಪುರದ ಬ್ಲೂ ಪಾಟರಿ ನಾಬ್ ನೋಡಿರ್ತೀರಿ. ಬಿಳಿ ಮೇಲೆ ನೀಲಿ ಹೂವು, ಲಿಂಬೆಹಣ್ಣಿಗಿಂತ ಚಿಕ್ಕದು. ಒಂದು ರೀಲ್ ನೋಡಿ ಮನಸೋತು ಕಿಚನ್ ಡ್ರಾಯರ್‌ಗಳಿಗೆ ಅದನ್ನೇ ಹಾಕಿಸ್ದೆ. ಫೋಟೋ ತೆಗೆದು ಸ್ಟೇಟಸ್ ಹಾಕ್ದೆ. ಎಲ್ರೂ ಸೂಪರ್ ಅಂದ್ರು. ಆರು ತಿಂಗಳಾದ ಮೇಲೆ ಊರಿಗೆ ಹೋದಾಗ ನೋಡಿದ್ರೆ, ಕೆಳಗಿನ ಎರಡು ಡ್ರಾಯರ್‌ನ ನಾಬ್‌ಗೆ ಅಮ್ಮ ಹಳೇ ಲಂಗದ ಲಾಡಿ ಕಟ್ಟಿದ್ರು. ಕುಣಿಕೆ ಹಾಗೆ. ಅದರೊಳಗೆ ಕೈ ತೂರಿಸಿ ಎಳೀತಿದ್ರು.

ಅಮ್ಮನಿಗೆ ಬೆಳಗ್ಗೆ ಎದ್ದಾಗ ಬೆರಳಿನ ಗೆಣ್ಣು ಬಿಗಿಯಾಗಿರುತ್ತೆ. ನನಗೆ ಅದು ಗೊತ್ತಿತ್ತು. ಆದ್ರೆ ನಾಬ್ ಆರಿಸುವಾಗ ಅದು ನೆನಪಿಗೇ ಬರಲಿಲ್ಲ. ಪಾತ್ರೆ ತುಂಬಿದ ಡ್ರಾಯರ್ ಎಳೆಯೋಕೆ ಗುಂಡಗಿನ ನುಣುಪಾದ ನಾಬನ್ನ ಮೂರು ಬೆರಳಲ್ಲಿ ಚಿವುಟಿ ಹಿಡೀಬೇಕು. ಕೈಗೆ ಎಣ್ಣೆ ಇದ್ರೆ, ಹಿಟ್ಟು ಇದ್ರೆ ಅದೂ ಆಗಲ್ಲ. 'ಯಾಕಮ್ಮ ಹೇಳ್ಲಿಲ್ಲ?' ಅಂದ್ರೆ, 'ಚೆನ್ನಾಗಿದೆ ಅಂತ ತಂದಿದ್ದೀಯ, ಇರ್ಲಿ ಬಿಡು' ಅಂದ್ರು.

ನಾನು ಆ ಲಾಡಿ ನೋಡಿದ ಮೇಲೆ ಈ ವಿಷಯ ಓದೋಕೆ ಶುರು ಮಾಡಿದ್ದು. ಅಮೆರಿಕದಲ್ಲಿ ಅಂಗವಿಕಲರ ಹಕ್ಕಿನ ಕಾನೂನು 1990ರಲ್ಲಿ ಬಂತು. ಅದರಡಿ ಬರೋ ಕಟ್ಟಡ ನಿಯಮಗಳಲ್ಲಿ ಒಂದು ಮಾತಿದೆ: ಹಿಡಿ ಅನ್ನೋದು ಒಂದೇ ಕೈಲಿ ಕೆಲಸ ಮಾಡಬೇಕು, ಗಟ್ಟಿಯಾಗಿ ಹಿಡಿಯೋದು, ಚಿವುಟೋದು, ಮಣಿಕಟ್ಟು ತಿರುಗಿಸೋದು ಬೇಕಾಗಬಾರದು. ಇದನ್ನ ಪರೀಕ್ಷೆ ಮಾಡೋ ಸುಲಭ ಉಪಾಯ ಮುಷ್ಟಿ. ಕೈ ಮುಷ್ಟಿ ಕಟ್ಟಿಕೊಂಡು, ಅದರಿಂದಲೇ ಬಾಗಿಲು ಎಳೆಯೋಕೆ ಆಗುತ್ತಾ ನೋಡಿ. ಇಂಗ್ಲಿಷ್ ಡಿ ಅಕ್ಷರದ ಆಕಾರದ ಹ್ಯಾಂಡಲ್ ಇದ್ರೆ ಕೈ ಒಳಗೆ ಸಿಕ್ಕಿಸಿ ಎಳೀಬಹುದು. ನಾಬ್ ಆದ್ರೆ ಮುಷ್ಟಿ ಜಾರುತ್ತೆ.

ಅದಕ್ಕೆ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ದಿನಾ ಹತ್ತು ಸಲ ಎಳೆಯೋ, ತೂಕದ ಡ್ರಾಯರ್‌ಗೆ ನಾಬ್ ಬೇಡ. ಉದ್ದದ ಹ್ಯಾಂಡಲ್ ಹಾಕಿ. ನಾಲ್ಕೂ ಬೆರಳು ಒಳಗೆ ಹೋಗಬೇಕು, ಬೆರಳ ಗೆಣ್ಣು ಹಲಗೆಗೆ ಉಜ್ಜಬಾರದು. 96ರ ಹ್ಯಾಂಡಲ್‌ನಲ್ಲಿ ದೊಡ್ಡ ಕೈಯವರಿಗೆ ನಾಲ್ಕು ಬೆರಳು ಇಕ್ಕಟ್ಟು, 128ರಿಂದ ಮೇಲೆ ಆರಾಮು. ನಾಬ್ ಚೆಂದ ಅಂತ ಆಸೆ ಇದ್ರೆ ಹಗುರವಾದ ಜಾಗಕ್ಕೆ ಹಾಕಿ. ದೇವರ ಮನೆಯ ಪುಟ್ಟ ಬಾಗಿಲು, ಶೋಕೇಸ್, ಕನ್ನಡಿ ಹಿಂದಿನ ಕಪಾಟು ಇಂಥವಕ್ಕೆ.

ಹ್ಯಾಂಡಲ್ಲೇ ಇಲ್ಲದ ಫರ್ನಿಚರ್ ಈಗ ಫ್ಯಾಷನ್. ಒತ್ತಿದ್ರೆ ತೆಗೆಯೋದು ಒಂದು ಬಗೆ, ಬಾಗಿಲಿನ ಅಂಚಲ್ಲೇ ಅಲ್ಯೂಮಿನಿಯಂ ಪಟ್ಟಿ ಕೂರಿಸಿ ಬೆರಳು ಹಾಕೋ ಜಾಗ ಮಾಡೋದು ಇನ್ನೊಂದು. ಟಿವಿ ಯೂನಿಟ್‌ಗೆ ಓಕೆ. ನಮ್ಮ ಅಡುಗೆಮನೆಗೆ? ಒಗ್ಗರಣೆ ಹಾಕೋ ಮನೇಲಿ ಆ ಸಂದಿಯಲ್ಲಿ ಎಣ್ಣೆ ಧೂಳು ಸೇರಿ ಜಿಡ್ಡು ಕೂತ್ರೆ ಉಜ್ಜೋರು ಯಾರು ಅಂತ ಮೊದಲೇ ತೀರ್ಮಾನ ಮಾಡ್ಕೊಳ್ಳಿ. ಒತ್ತಿ ತೆಗೆಯೋ ಬಾಗಿಲ ಮೇಲೆ, ಅದೂ ಹೊಳೆಯೋ ಲ್ಯಾಮಿನೇಟ್ ಆದ್ರೆ, ಬೆರಳಚ್ಚೇ ಬೆರಳಚ್ಚು.

ಇನ್ನೊಂದು, ಯಾರೂ ಯೋಚಿಸದೇ ಇರೋದು. ಹ್ಯಾಂಡಲ್‌ನ ತುದಿ. ಎರಡೂ ಕಡೆ ಕೊಂಬಿನ ಹಾಗೆ ಚಾಚಿರೋ ರಾಡ್ ಹ್ಯಾಂಡಲ್ ನೋಡೋಕೆ ಸೊಗಸು. ಪಕ್ಕದಲ್ಲಿ ಓಡಾಡುವಾಗ ದುಪಟ್ಟಾ, ಪ್ಯಾಂಟ್ ಜೇಬು, ಸೆರಗು ಎಲ್ಲಾ ಸಿಕ್ಕಿಕೊಳ್ಳುತ್ತೆ. ಅಡುಗೆಮನೆ ಚಿಕ್ಕದಾಗಿದ್ರೆ ಒಳಕ್ಕೆ ಬಾಗಿದ ತುದಿ ಇರೋದನ್ನ ಆರಿಸಿ. ಹಾಗೇ ಮೂಲೆಯ ಡ್ರಾಯರ್ ನೋಡಿ. ಎಲ್ ಆಕಾರದ ಕಿಚನ್‌ನಲ್ಲಿ ಒಂದು ಡ್ರಾಯರ್ ಎಳೆದ್ರೆ ಪಕ್ಕದ ಬಾಗಿಲಿನ ಹ್ಯಾಂಡಲ್‌ಗೆ ಢಿಕ್ಕಿ ಹೊಡೆಯುತ್ತೆ. ಹ್ಯಾಂಡಲ್ ಎಷ್ಟು ಮುಂದಕ್ಕೆ ಚಾಚುತ್ತೆ ಅನ್ನೋ ಅಳತೆಯನ್ನ ಕಾರ್ಪೆಂಟರ್‌ಗೆ ಮೊದಲೇ ಕೊಟ್ರೆ ಅವರು ಮೂಲೆಯಲ್ಲಿ ಅಷ್ಟು ಪಟ್ಟಿ ಬಿಡ್ತಾರೆ. ಕೆಲಸ ಮುಗಿದ ಮೇಲೆ ಕೊಟ್ರೆ ಏನೂ ಮಾಡೋಕಾಗಲ್ಲ. ಅದಕ್ಕೇ ನಾನು ಹೇಳೋದು, ಪ್ಲೈವುಡ್ ಕತ್ತರಿಸೋ ಮುಂಚೆ ಒಂದೇ ಒಂದು ಸ್ಯಾಂಪಲ್ ಹ್ಯಾಂಡಲ್ ತಂದು ಆಚಾರ್ರ ಕೈಗೆ ಕೊಡಿ.

ಈಗ ಲೋಹ. ಶುರುವಲ್ಲಿ ಕೇಳಿಸಿದ ಸದ್ದು ನೆನಪಿದೆಯಲ್ಲ?

ಅಂಗಡಿಯಲ್ಲಿ 'ಬ್ರಾಸ್ ಆಂಟಿಕ್', 'ರೋಸ್ ಗೋಲ್ಡ್' ಅಂತೆಲ್ಲ ಬೋರ್ಡ್ ಇರುತ್ತೆ. ಅವು ಬಣ್ಣದ ಹೆಸರು, ಲೋಹದ ಹೆಸರಲ್ಲ. ಒಳಗೆ ಏನಿದೆ ಅಂತ ಬೇರೆಯಾಗಿ ಕೇಳಬೇಕು. ಹಿತ್ತಾಳೆ ಅಂದ್ರೆ ತಾಮ್ರ ಮತ್ತು ಸತು ಸೇರಿದ್ದು. ಅಂಗಡಿಯವರು 'ಝಿಂಕ್' ಅಂತಾರಲ್ಲ, ಅದು ಹೆಚ್ಚಾಗಿ ಝಮಾಕ್. ಸತುವಿಗೆ ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರ ಬೆರೆಸಿದ್ದು. ಹೆಸರೂ ಆ ನಾಲ್ಕು ಲೋಹಗಳ ಜರ್ಮನ್ ಹೆಸರಿನ ಮೊದಲಕ್ಷರಗಳಿಂದ ಬಂದಿರೋದು. ಅಚ್ಚಿನಲ್ಲಿ ಸುಲಭವಾಗಿ ಎರಕ ಹೊಯ್ಯಬಹುದು, ಹಾಗಾಗಿ ಕುಸುರಿ ಇರೋ ಹ್ಯಾಂಡಲ್‌ಗಳು ಬಹಳಷ್ಟು ಇದರವೇ. ಕೆಟ್ಟದ್ದೇನಲ್ಲ. ಆದ್ರೆ ಹಿತ್ತಾಳೆ ಬೆಲೆ ಕೊಟ್ಟು ಝಿಂಕ್ ತರಬಾರದು, ಅಷ್ಟೇ.

ಕಂಡುಹಿಡಿಯೋದು ಹೇಗೆ? ತೂಕ ಒಂದು ಸುಳಿವು. ಒಂದು ಘನ ಸೆಂಟಿಮೀಟರ್ ಹಿತ್ತಾಳೆ ಸುಮಾರು 8.5 ಗ್ರಾಂ, ಝಮಾಕ್ 6.6 ಆಸುಪಾಸು, ಅಲ್ಯೂಮಿನಿಯಂ ಬರೀ 2.7. ಅದಕ್ಕಿಂತ ಒಳ್ಳೇ ಸುಳಿವು ಹಿಂಭಾಗದ ಸ್ಕ್ರೂ ತೂತು. ಮೊಬೈಲ್ ಟಾರ್ಚ್ ಹಾಕಿ ಒಳಗೆ ನೋಡಿ. ಮರೆ ಕೊರೆದಿರೋ ಕಡೆ ಲೇಪನ ಇರಲ್ಲ ಅಥವಾ ತೆಳುವಾಗಿರುತ್ತೆ. ಅಲ್ಲಿ ಹಳದಿ ಕಂಡ್ರೆ ಹಿತ್ತಾಳೆ, ಬೂದು ಬಿಳಿ ಕಂಡ್ರೆ ಝಿಂಕ್. ಅಯಸ್ಕಾಂತ ಹಿಡಿದು ನೋಡ್ತಾರಲ್ಲ, ಅದರಿಂದ ಗೊತ್ತಾಗೋದು ಒಂದೇ ವಿಷಯ: ಅಂಟಿದ್ರೆ ಒಳಗೆ ಕಬ್ಬಿಣ. ಅಂಟಲಿಲ್ಲ ಅಂದ್ರೆ ಹಿತ್ತಾಳೆಯೇ ಅಂತ ಅರ್ಥ ಅಲ್ಲ, ಝಿಂಕ್‌ಗೂ ಅಂಟಲ್ಲ, ಅಲ್ಯೂಮಿನಿಯಂಗೂ ಅಂಟಲ್ಲ.

ಸ್ಟೀಲ್ ಆದ್ರೆ 304 ಮತ್ತು 202 ಅನ್ನೋ ನಂಬರ್ ಕೇಳಿ. 202ರಲ್ಲಿ ನಿಕ್ಕಲ್ ಕಮ್ಮಿ, ಬೆಲೆಯೂ ಕಮ್ಮಿ, ತುಕ್ಕು ಬೇಗ. ಮಂಗಳೂರು, ಕಾರವಾರ, ಕುಂದಾಪುರದ ಕಡೆಯವರು ಕೇಳ್ತಿದ್ರೆ ಈ ಮಾತನ್ನ ಎರಡು ಸಲ ಕೇಳಿಸ್ಕೊಳ್ಳಿ. ಸಮುದ್ರದ ಉಪ್ಪುಗಾಳಿಗೆ ತೆಳು ಲೇಪನದ ಅಗ್ಗದ ಹ್ಯಾಂಡಲ್ ತಡೆಯಲ್ಲ.

ಹಿತ್ತಾಳೆ ಸಾಮಾನು ನಮ್ಮ ದೇಶದಲ್ಲಿ ಎಲ್ಲಿ ತಯಾರಾಗುತ್ತೆ ಅಂದ್ರೆ ಉತ್ತರಪ್ರದೇಶದ ಮುರಾದಾಬಾದ್, ಬೀಗಕ್ಕೆ ಹೆಸರಾದ ಅಲಿಗಢ, ಗುಜರಾತಿನ ಜಾಮ್‌ನಗರ. ಬೆಂಗಳೂರಿನ ಅಂಗಡಿಯಲ್ಲಿ ಸಿಗೋ ಹಿತ್ತಾಳೆ ಹಿಡಿ ಅಲ್ಲಿಂದ ಬಂದಿರೋ ಸಾಧ್ಯತೆ ಜಾಸ್ತಿ.

ಹಿತ್ತಾಳೆ ತಂದವರು ಮಾಡೋ ಒಂದು ತಪ್ಪು ಹೇಳಲೇಬೇಕು. ಹುಣಸೆಹಣ್ಣು! ದೇವರ ಸಾಮಾನು ಉಜ್ಜೋ ಹಾಗೆ ಹ್ಯಾಂಡಲ್ಲನ್ನೂ ಉಜ್ಜಿಬಿಡ್ತೀವಿ. ಲೇಪನ ಇಲ್ಲದ ಬರೀ ಹಿತ್ತಾಳೆ ಆದ್ರೆ ಪರವಾಗಿಲ್ಲ, ಫಳಫಳ ಅನ್ನುತ್ತೆ. ಆದ್ರೆ ಅಂಗಡಿಯಲ್ಲಿ ಸಿಗೋ ಎಷ್ಟೋ ಹ್ಯಾಂಡಲ್ ಮೇಲೆ ಲ್ಯಾಕರ್ ಅಥವಾ ಬೇರೆ ಲೋಹದ ತೆಳು ಪದರ ಇರುತ್ತೆ. ಹುಳಿ ಹಾಕಿ ತಿಕ್ಕಿದ್ರೆ ಅದು ಕಿತ್ತು ಬಂದು ಮಚ್ಚೆ ಮಚ್ಚೆ ಆಗುತ್ತೆ. ಅವಕ್ಕೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಮುಗೀತು. ಪಿವಿಡಿ ಅಂತ ಬರೆದಿದ್ರೆ ನಿರ್ವಾತದಲ್ಲಿ ಕೂರಿಸಿದ ಲೇಪನ, ಮಾಮೂಲಿ ಪ್ಲೇಟಿಂಗ್‌ಗಿಂತ ಗಟ್ಟಿ. ಬೆಲೆ ಜಾಸ್ತಿ. ದಿನಾ ಕೈ ತಾಗೋ ಕಡೆಗೆ ಕೊಡಬಹುದು, ಲಾಫ್ಟ್‌ಗೆ ದಂಡ.

ಕೊಳ್ಳೋದೆಲ್ಲಿ? ಬೆಂಗಳೂರಲ್ಲಿದ್ರೆ ಎಸ್‌ಜೆಪಿ ರೋಡ್, ಸಿದ್ದಯ್ಯ ರೋಡ್ ಕಡೆ ಒಂದು ಬೆಳಗ್ಗೆ ಸುತ್ತಾಡಿ. ಆದ್ರೆ ಹೋಗೋ ಮುಂಚೆ ಎಣಿಸಿ. ಚದರಡಿ ಲೆಕ್ಕ ಕೇಳಿ ಕೇಳಿ ನಾವು ಹ್ಯಾಂಡಲ್ಲನ್ನ ಎಣಿಸೋದೇ ಇಲ್ಲ. ಒಂದು ವಾರ್ಡ್‌ರೋಬ್, ಒಂದು ಕಿಚನ್ ಸೇರಿದ್ರೆ ಮೂವತ್ತು ದಾಟೋದು ಕಷ್ಟ ಅಲ್ಲ. ಒಂದಕ್ಕೆ 150 ರೂಪಾಯಿ ಅಂದ್ರೂ 4,500, ಒಂದಕ್ಕೆ 600 ಅಂದ್ರೆ 18,000. ಹ್ಯಾಂಡಲ್ ನೋಡ್ತಾ ನಿಂತಾಗ 600 ಅನ್ನೋದು ದೊಡ್ಡದು ಅನ್ನಿಸಲ್ಲ. ಮೂವತ್ತರಿಂದ ಗುಣಿಸಿದ ಮೇಲೆ ತೀರ್ಮಾನ ಮಾಡಿ. ಕಣ್ಣಿಗೆ ಬೀಳೋ ಕಡೆ ದುಬಾರಿಯದು, ಲಾಫ್ಟ್‌ಗೆ ಅದೇ ಬಣ್ಣದ ಸಾದಾ ಹ್ಯಾಂಡಲ್ ಹಾಕಿದ್ರೆ ಯಾರೂ ತಲೆ ಎತ್ತಿ ನೋಡಲ್ಲ.

ಎಣಿಸಿದ್ದಕ್ಕಿಂತ ಎರಡು ಜಾಸ್ತಿ ತನ್ನಿ. ಎರಡು ವರ್ಷ ಬಿಟ್ಟು ಒಂದು ಮುರಿದ್ರೆ ಆ ಡಿಸೈನ್ ಸಿಗಲ್ಲ, ಸಿಕ್ರೂ ಬಣ್ಣದ ಛಾಯೆ ಬೇರೆ ಇರುತ್ತೆ. ಬಿಲ್ ತಗೊಳ್ಳಿ, ಬಿಲ್‌ನಲ್ಲಿ ಮಾಡೆಲ್ ನಂಬರ್, ಲೋಹ, ಎಂಎಂ ಅಳತೆ ಬರೆಸಿ. ಜಿಎಸ್‌ಟಿ ಉಳಿಸ್ತೀನಿ ಅಂತ ಬಿಳಿ ಚೀಟಿ ತಂದ್ರೆ, ನಾಳೆ ಲೇಪನ ಎದ್ದಾಗ ಯಾವ ಮುಖ ಇಟ್ಕೊಂಡು ವಾಪಸ್ ಹೋಗ್ತೀರಿ? ಕಾರ್ಪೆಂಟರ್ ಒಂದೇ ಅಂಗಡಿಗೆ ಕಳಿಸ್ತಿದ್ರೆ ಅಲ್ಲಿ ಅವರಿಗೆ ಕಮಿಷನ್ ಇರಬಹುದು. ಅದರಲ್ಲಿ ಜಗಳ ಆಡೋದೇನಿಲ್ಲ, ಇನ್ನೊಂದು ಅಂಗಡಿಯಲ್ಲೂ ಅದೇ ಮಾಡೆಲ್‌ಗೆ ರೇಟ್ ಕೇಳಿ.

ಡಬ್ಬದಲ್ಲಿ ಉಳಿದಿದ್ದ 128ರ ಹ್ಯಾಂಡಲ್ ಕಥೆ ಹೇಳ್ತೀನಿ ಅಂದಿದ್ದೆ. ಅವನ್ನ ಆಚಾರ್ರು ಅಡುಗೆಮನೆ ಡ್ರಾಯರ್‌ಗೆ ಹಾಕಿದ್ರು. ನಾಬ್ ಇದ್ದ ಮಧ್ಯದ ತೂತಿಗೆ ಮೇಣ ತುಂಬಿ, ಅದರ ಆ ಕಡೆ ಈ ಕಡೆ 64 ಎಂಎಂ ದೂರಕ್ಕೆ ಎರಡು ಹೊಸ ತೂತು. ಮಧ್ಯದ್ದು ಹ್ಯಾಂಡಲ್ ಹಿಂದೆ ಸೇರಿಕೊಳ್ತು. ಏಳು ಡ್ರಾಯರ್‌ಗೆ ಏಳು, ಐದು ಇನ್ನೂ ಡಬ್ಬದಲ್ಲಿವೆ. ಸ್ಕ್ರೂ ಮಾತ್ರ 40 ಎಂಎಂದು ಹೊಸದಾಗಿ ತಂದ್ವಿ. ನೀಲಿ ನಾಬ್‌ಗಳಲ್ಲಿ ಎರಡು ದೇವರ ಮನೆಯ ಬಾಗಿಲಿಗೆ ಹೋದ್ವು. ಅಮ್ಮ ಲಾಡಿ ಬಿಚ್ಚಿಟ್ರು.

ಆಚಾರ್ರು ಹೋಗುವಾಗ ಅಂಗೈ ಉದ್ದದ ಒಂದು ಪ್ಲೈವುಡ್ ತುಂಡು ಬಿಟ್ಟು ಹೋಗಿದ್ದಾರೆ. ಅದರಲ್ಲಿ ಎರಡು ತೂತು, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ 128 ಅಂತ ಬರೆದಿದೆ. ಶಟರ್ ಮೇಲೆ ಇಟ್ಟು ಡ್ರಿಲ್ ಮಾಡಿದ್ರೆ ಒಂದೂ ತಪ್ಪಲ್ಲ. ಕೆಳಗೆ ಇನ್ನೂ ಒಂದು ಸಾಲು ಬರೆದಿದ್ದಾರೆ: 'ಆರಿಂಚು ಅಲ್ಲ.'

ನಿಮ್ಮನೇಲೂ ಇಂಥ ತೂತಿನ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಬಾಗಿಲು ಢಬ್ ಅನ್ನದೆ ಮೆಲ್ಲಗೆ ಮುಚ್ಚಿಕೊಳ್ಳೋ ಹಿಂಜ್ ಬಗ್ಗೆ ಮಾತಾಡೋಣ. ಅದರಲ್ಲೂ ಒಂದು ನಂಬರ್ ಇದೆ, 35. ಯಾಕೆ ಅಂತ ಅಲ್ಲೇ ಹೇಳ್ತೀನಿ.